ಮನೆಗೆ ಕಿಚ್ಚು ತಗಲಿಸುವುದು ಕಿಡಿಗಳೇ

ಮಾನ್ಯರೇ,
ಆಸ್ಟ್ರೇಲಿಯಾದ ಕಾಳ್ಗಿಚ್ಚಿನ ವರದಿಗಳಲ್ಲಿ ಮುಗಿಲೆತ್ತರದ ಜ್ವಾಲೆಯೇ ಎದ್ದು ಕಾಣುತ್ತದೆ. ಆದರೆ ಹೆಚ್ಚಿನ ಮನೆಗಳಿಗೆ ಬೆಂಕಿ ತಗಲುವುದು ಗಾಳಿಯಲ್ಲಿ ತೂರಿಬರುವ ಕಿಡಿಗಳಿಂದ. ಸೂರಿನಂಚಿನ ನೀರಿನ ದೋಣಿಯಲ್ಲಿ ತುಂಬಿದ ಒಣ ನೀಲಗಿರಿ ಎಲೆಗಳ ಮೇಲೆ ಬಿದ್ದ ಕಿಡಿ, ಹೆಂಚಿನ ಸಂದಿಯಿಂದ ಒಳನುಗ್ಗುತ್ತದೆ. 2019–20ರ ಕಿಚ್ಚಿಗೆ 33 ಜನ ಬಲಿಯಾದರು, 3,000ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಸುಮಾರು 300 ಕೋಟಿ ಪ್ರಾಣಿಗಳು ಸತ್ತವು ಇಲ್ಲವೇ ನೆಲೆ ಕಳೆದುಕೊಂಡವೆಂಬ ಅಂದಾಜಿದೆ. ಪಾಪ, ಮರದ ಮೇಲೆ ಬದುಕುವ ಕೊಆಲಾ ಪ್ರಾಣಿಗಳು ಓಡಲಾರದೆ ಮರದ ತುದಿಗೇ ಏರುತ್ತವೆ.

ಸಿಡ್ನಿ, ಮೆಲ್ಬರ್ನ್ ಹೊರವಲಯದ ಕನ್ನಡಿಗರು ಇಲ್ಲಿ ಬೇಸಿಗೆ ಶುರುವಾಗುವ ಡಿಸೆಂಬರ್‌ಗೆ ಮೊದಲೇ ಸೂರಿನ ದೋಣಿ ಶುಚಿಗೊಳಿಸಿ, ಗಾಳಿಕಿಂಡಿಗಳಿಗೆ 2 ಮಿ.ಮೀ. ಮೀರದ ಕಣ್ಣಿನ ಲೋಹದ ಜಾಲರಿ ಹಾಕಿಸಲಿ. ಪ್ಲಾಸ್ಟಿಕ್‌ ಜಾಲರಿ ಕರಗಿಹೋಗುತ್ತದೆ. ತೀವ್ರ ಅಪಾಯದ ಮುನ್ಸೂಚನೆಯಿದ್ದ ದಿನ ಹೊಗೆ ಕಾಣುವವರೆಗೆ ಕಾಯದೆ, ಸಾಕುಪ್ರಾಣಿಗಳೊಂದಿಗೆ ಬೆಳಿಗ್ಗೆಯೇ ಹೊರಟುಬಿಡಲಿ.

– ಓದುಗರೊಬ್ಬರು, ಸಿಡ್ನಿ