ಎರಡೂ ಗೊತ್ತಿದ್ದವರಿಗೆ, ಒಂದೇ ಗೊತ್ತಿದ್ದವರಿಗೂ

ಈ ಸಲ ಮೂರು ತಿಂಗಳ ಸಕ್ಕರೆ ಟೆಸ್ಟು, ಅದೇ ಎಚ್‌ಬಿಎ1ಸಿ, 6.8 ಬಂತು. ಶುಗರ್ ಇದೆ ಅಂತ ಗೊತ್ತಾದಾಗ 10 ದಾಟಿತ್ತು. ಕಾಲಿನ ಗಾಯ ಪೂರ್ತಿ ಒಣಗಿದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ, ಮೊದಲಿನ ಹಾಗೇ ಇದೆ, ಟೆಸ್ಟಿಗೆ ಸಿಗದಷ್ಟು ಕಡಿಮೆ. ಇದಕ್ಕೆ ಕಾರಣರಾದವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಬರೆಯುತ್ತಿದ್ದೇನೆ. ನನ್ನ ಹೆಸರು ಹಾಕಿಲ್ಲ, ನಿಮ್ಮದೂ ಹಾಕಿಲ್ಲ. ಯಾಕೆ ಅಂತ ನಿಮಗೆ ಗೊತ್ತು.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ಎಚ್‌ಐವಿ ನನಗೆ ಹಳೇದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೂ ಮುಂಚೆಯಿಂದ ಮಾತ್ರೆ ನುಂಗುತ್ತಿದ್ದೇನೆ. ಆಗಿನ ಸ್ಟಾವುಡಿನ್, ಜಿಡೋವುಡಿನ್ ಮಾತ್ರೆಗಳು ಮೈಯ ಕೊಬ್ಬನ್ನು ಏರುಪೇರು ಮಾಡಿ ಇನ್ಸುಲಿನ್ ಕೆಲಸ ಕೆಡಿಸುತ್ತಿದ್ದವು. ಜೊತೆಗೆ ವಯಸ್ಸು, ಬೆಳೆದ ಹೊಟ್ಟೆ, ಅಮ್ಮನಿಗಿದ್ದ ಶುಗರ್. ಆ ಮಾತ್ರೆಗಳನ್ನು ನಾನು ಬೈಯುವುದಿಲ್ಲ. ಬದುಕಿ ಉಳಿದಿದ್ದಕ್ಕೆ ತಾನೇ ಶುಗರ್ ಬರುವಷ್ಟು ವಯಸ್ಸಾಗಿದ್ದು!

ಶುಗರ್ ಇದೆ ಅಂತ ಬೀದಿಗೆಲ್ಲಾ ಹೇಳಬಹುದು. ಹೇಳಿದರೆ ಹಾಗಲಕಾಯಿ ರಸದಿಂದ ಹಿಡಿದು ಮೆಂತ್ಯದವರೆಗೆ ಎಲ್ಲರೂ ಔಷಧಿ ಹೇಳುತ್ತಾರೆ. ಇನ್ನೊಂದನ್ನು ಒಡಹುಟ್ಟಿದವರಿಗೂ ಹೇಳಲಾಗದು. ಹಾಗಾಗಿ ನನ್ನಂಥವರಿಗೆ ಸಿಗುವ ಸಹಾಯವೂ ಅರ್ಧರ್ಧ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕೌಂಟರಿನ ಹುಡುಗ ನನ್ನ ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆಯ, ಹಸಿರು ಪುಸ್ತಕವನ್ನು ಎಲ್ಲರ ಮುಂದೆ ಎತ್ತಿ ಹಿಡಿದು ಕೇಳಿದ. ಕೂತಿದ್ದವರೆಲ್ಲ ತಿರುಗಿ ನೋಡಿದರು. ಇನ್ನು ಶುಗರ್ ಡಾಕ್ಟರಿಗೆ ಇದನ್ನು ತೋರಿಸುವುದೇ ಬೇಡ ಅನ್ನಿಸಿತ್ತು.

ಆಗ ತಡೆದವರು ಎಆರ್‌ಟಿ ಸೆಂಟರಿನ ಕೌನ್ಸಿಲರ್ ಮೇಡಂ. "ತೋರಿಸದೆ ಇದ್ರೆ ನಿಮಗೇ ತೊಂದರೆ ಕಣಮ್ಮ" ಅಂತ ಕೂರಿಸಿಕೊಂಡು ಬಿಡಿಸಿ ಹೇಳಿದರು. ನಾವು ಈಗ ಎಚ್‌ಐವಿಗೆ ನುಂಗುವ ಟಿಎಲ್‌ಡಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇದೆ. ಅದರ ಜೊತೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಈ ಮೆಟ್‌ಫಾರ್ಮಿನ್ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಇದು ಗೊತ್ತಿಲ್ಲದ ಡಾಕ್ಟರು ಸಕ್ಕರೆ ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತಾ ಹೋಗಬಹುದು. ನಮ್ಮ ವಿಷಯ ಹೊರಗೆ ಬಿಡಬಾರದು ಅಂತ 2017ರಲ್ಲಿ ಕಾನೂನೇ ಆಗಿದೆ ಅಂತಲೂ ಅವರೇ ಹೇಳಿದ್ದು. ಆಮೇಲೆ ಎಆರ್‌ಟಿ ಡಾಕ್ಟರ ಹತ್ತಿರ ಚೀಟಿ ಬರೆಸಿ, ಶುಗರ್, ಬಿಪಿಯಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ವರೆಗೆ ತಾವೇ ಬಂದರು. ಅಲ್ಲಿನ ಡಾಕ್ಟರು ಚೀಟಿ ಓದಿ, ಮಡಚಿ ನನ್ನ ಕೈಗೇ ಕೊಟ್ಟು, "ಊಟ ಏನು ಮಾಡ್ತೀರಿ?" ಅಂತ ಕೇಳಿದರು. ಬೇರೇನೂ ಕೇಳಲಿಲ್ಲ. ಸರ್, ಅದಕ್ಕೇ ನಿಮಗೆ ದೊಡ್ಡ ನಮಸ್ಕಾರ.

ಊಟದ ವಿಷಯದಲ್ಲಿ ನನಗೂ ಅವರಿಗೂ ಸಣ್ಣ ಜಗಳವೇ ಆಯಿತು. ರಾಗಿ ತಿಂದರೆ ಶುಗರ್ ಏರಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದೇವೆ, ಅಲ್ವಾ? ರಾಗಿಯಲ್ಲೂ ಪಿಷ್ಟ ಇದೆ, ಎರಡು ದಪ್ಪ ಮುದ್ದೆ ಇಳಿಸಿದರೆ ಏರಿಯೇ ಏರುತ್ತದೆ. ಮುದ್ದೆ ಬಿಡಿ ಅನ್ನಲಿಲ್ಲ ಅವರು. ಒಂದಕ್ಕೆ ಇಳಿಸಿ, ಬಸ್ಸಾರಿನ ಕಾಳು ಸೊಪ್ಪು ಜಾಸ್ತಿ ಹಾಕಿಕೊಳ್ಳಿ ಅಂದರು. ಅವರೆಕಾಯಿ ಕಾಲದಲ್ಲಿ ಇದು ಶಿಕ್ಷೆ ಅನ್ನಿಸಲೇ ಇಲ್ಲ.

ಸಿಸ್ಟರ್, ನಿಮ್ಮನ್ನು ಬಿಟ್ಟರೆ ಪಾಪ ಬಂದೀತು. ನನ್ನ ಕಾಲು ಜೋಮು ಹಿಡಿಯುವುದಕ್ಕೆ ಹಳೇ ಸ್ಟಾವುಡಿನ್ ಕೂಡ ಕಾರಣ ಇರಬಹುದು, ಶುಗರ್ ಕೂಡ ಇರಬಹುದು ಅಂದಿರಿ. ಕೆಲಸದ ಜಾಗದಲ್ಲಿ ನೆಲ ಯಾವಾಗಲೂ ಒದ್ದೆ. ಚುಚ್ಚಿದ್ದೂ ಗೊತ್ತಾಗುತ್ತಿರಲಿಲ್ಲ. ರಾತ್ರಿ ಬೆರಳಸಂದಿ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ ಅಂತ ಹೇಳಿಕೊಟ್ಟಿರಿ. ಎಚ್‌ಐವಿ ಇರುವ ಕೆಲವರಲ್ಲಿ ಮೂರು ತಿಂಗಳ ಟೆಸ್ಟು ನಿಜಕ್ಕಿಂತ ಕಡಿಮೆ ತೋರಿಸಬಹುದು, ಬೆರಳು ಚುಚ್ಚಿ ನೋಡುವುದನ್ನೂ ಬಿಡಬೇಡಿ ಅಂದವರೂ ನೀವೇ. ಸೂಜಿ ಯಾರ ಜೊತೆಗೂ ಹಂಚಿಕೊಳ್ಳಬೇಡಿ ಅಂತ ಬೈದಿದ್ದೂ ನೆನಪಿದೆ.

ಇನ್ನು ಒಂದೇ ಗೊತ್ತಿದ್ದವರು. ನಮ್ಮ ಮಾಲೀಕರ ತಾಯಿ, ನಾವೆಲ್ಲ ಅಮ್ಮೀ ಅನ್ನುತ್ತೇವೆ. ಅವರಿಗೂ ಶುಗರ್. ಒಂದು ದಿನ ಕೆಲಸದ ನಡುವೆ ನನಗೆ ಬೆವರು, ಕೈ ನಡುಕ ಬಂತು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ತಿಂಡಿ ತಡವಾಗಿ, ಸಕ್ಕರೆ ತೀರಾ ಇಳಿದಿತ್ತು. ಅಮ್ಮೀ ಬಂದು ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದರು. ಕಾಲು ಗಂಟೆ ಕೂರಿಸಿ, ತಮ್ಮ ಪಾಲಿನ ರೊಟ್ಟಿ ತಿನ್ನಿಸಿದರು. ಅವತ್ತಿಂದ ತಿಂಡಿ ಹೊತ್ತಿಗೆ ನನ್ನನ್ನು ಎಬ್ಬಿಸಿ ಕಳಿಸುತ್ತಾರೆ. ಇನ್ನೊಂದು ವಿಷಯ ಗೊತ್ತಾದರೆ ಅಮ್ಮೀ ಹೀಗೇ ಇರುತ್ತಾರಾ? ಇರುತ್ತಾರೆ ಅಂತ ನನ್ನ ಮನಸ್ಸು ಹೇಳುತ್ತದೆ. ಕೇಳಿ ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಶುಗರ್‌ನಿಂದ ಒಂದು ಉಪಕಾರವೂ ಆಗಿದೆ. ಮೊದಲು ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ. ಈಗ ಎಲ್ಲವೂ ಒಂದೇ ಡಬ್ಬಿಯಲ್ಲಿ, ಟಿವಿ ಪಕ್ಕದಲ್ಲೇ. ಇಷ್ಟೊಂದು ಮಾತ್ರೆ ಯಾಕೆ ಅಂದರೆ ಶುಗರ್ ಅಂದುಬಿಡುತ್ತೇನೆ.

ನಮ್ಮ ಸಂಘದ ಅಕ್ಕನಿಗೆ ಕೊನೆಗೆ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಸಂಜೆ ವಾಕಿಂಗ್‌ಗೆ ಎಳೆದುಕೊಂಡು ಹೋಗಿದ್ದು ನೀವು. ಮುಂದಿನ ತಿಂಗಳು ನನಗೆ ಕಣ್ಣಿನ ಪರೀಕ್ಷೆ ಇದೆ. ಶುಗರ್ ಇರುವವರು ವರ್ಷಕ್ಕೊಂದು ಸಲ ಮಾಡಿಸಬೇಕಂತೆ. ನಿಮ್ಮದೂ ಬಾಕಿ ಇದೆ, ಮರೆತಿಲ್ಲ ತಾನೇ? ಚೀಟಿ ನಾನೇ ಮಾಡಿಸುತ್ತೇನೆ, ನೀವು ಬಂದರೆ ಸಾಕು.