ಹತ್ತು ಹೆಜ್ಜೆ ಮುಂದೆ

ದಾವಣಗೆರೆ

ಮಗಳೇ,

ಮೊನ್ನೆ ಮಾತನ್ನು ಅರ್ಧಕ್ಕೇ ಬಿಟ್ಟು ಫೋನ್ ಇಟ್ಟುಬಿಟ್ಟೆ. ನೀನು ಗಾಬರಿಯಾಗಿ ನಿನ್ನ ಅಪ್ಪನಿಗೆ ಕರೆ ಮಾಡಿದೆಯಂತೆ. ನನಗೆ ಏನೂ ಆಗಿರಲಿಲ್ಲ ತಾಯಿ. ಒಂದು ಸಿನಿಮಾ ನೋಡಿದ್ದೆ. ಅದನ್ನು ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿಗೆ ಬಂದಾಗ ನೀನು ಟಿವಿಯಲ್ಲಿ ಹುಡುಕಿ ಇಟ್ಟುಹೋದ ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟರೆ ನಾಲ್ಕು ಗಂಟೆಯ ತನಕ ಮನೆ ನನ್ನದು. ಮೊದಲು ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಲು ರಿಮೋಟ್ ಒತ್ತಿ ಒತ್ತಿ ನಿಲ್ಲಿಸುತ್ತಿದ್ದೆ. ಈಗ ಸಾಲು ತಪ್ಪಿದರೆ ತಪ್ಪಲಿ ಎಂದು ಮುಖಗಳನ್ನೇ ನೋಡುತ್ತೇನೆ. ಚಾಪ್ಲಿನ್‌ನ 'ಸಿಟಿ ಲೈಟ್ಸ್'ಗೆ ಆ ಕಷ್ಟವೂ ಇರಲಿಲ್ಲ. 1931ರ ಹೊತ್ತಿಗೆ ಸಿನಿಮಾಕ್ಕೆ ಮಾತು ಬಂದಿತ್ತು, ಆತ ಮಾತ್ರ ಪಾತ್ರಗಳನ್ನು ಮಾತನಾಡಿಸಲಿಲ್ಲ. ಕುರುಡಿಯಾಗಿದ್ದ ಹೂವಿನ ಹುಡುಗಿಗೆ ಕಣ್ಣು ಬಂದ ಮೇಲೂ, ನೆರವಾದ ಅಲೆಮಾರಿಯ ಗುರುತು ಸಿಗುವುದು ಕೈ ಮುಟ್ಟಿದಾಗಲೇ. ಅಲ್ಲಿ ಮಾತಿದ್ದರೆ ಕೆಡುತ್ತಿತ್ತು. 'ಸಿಟಿಜನ್ ಕೇನ್' ನನಗೆ ಹಿಡಿಸಲಿಲ್ಲ. ಅದರಲ್ಲಿ ಜಾಣ್ಮೆ ಬಹಳ ಕಂಡಿತು, ಪಕ್ಕದಲ್ಲಿ ಕುಳಿತು ಮಾತನಾಡಿಸಬೇಕು ಎನ್ನಿಸುವ ಒಬ್ಬ ಮನುಷ್ಯನೂ ಸಿಗಲಿಲ್ಲ.

ನನ್ನನ್ನು ಅಲುಗಾಡಿಸಿದ್ದು 'ಬೈಸಿಕಲ್ ಥೀವ್ಸ್'. ಇಟಲಿಯಲ್ಲಿ ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ಚಿತ್ರ. ಯುದ್ಧ ಮುಗಿದಿದೆ, ರೋಮ್ ನಗರದಲ್ಲಿ ಕೆಲಸವಿಲ್ಲ. ಆಂಟೋನಿಯೊ ಎಂಬವನಿಗೆ ಗೋಡೆಗಳಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು. ಅವನ ಸೈಕಲ್ಲು ಅಡವಿನಲ್ಲಿದೆ. ಹೆಂಡತಿ ಒಂದು ಮಾತೂ ಬೆಳೆಸದೆ ಹಾಸಿಗೆಯ ಮೇಲಿನ ಹೊದಿಕೆಗಳನ್ನು ಎಳೆದು ತೆಗೆದು, ಒಗೆದು, ಅಡವಿಡಲು ಒಯ್ಯುತ್ತಾಳೆ. ಆ ಅಂಗಡಿಯವನು ಗಂಟನ್ನು ಹಿಡಿದು ಮೇಲೆ ಹತ್ತುತ್ತಾನೆ, ಹತ್ತುತ್ತಲೇ ಹೋಗುತ್ತಾನೆ. ಮಾಡಿನ ತನಕ ಊರವರ ಹೊದಿಕೆಗಳ ಗಂಟುಗಳೇ. ನಾನು ಅಲ್ಲಿ ಚಿತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಅವ್ವನ ಮದುವೆಯ ಇಳಕಲ್ ಸೀರೆಯೂ ಹೀಗೆ ಹೋದದ್ದು, ಮರಳಿ ಬರಲಿಲ್ಲ.

ನಿನ್ನ ಅಜ್ಜ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರೆಂಬುದು ನಿನಗೆ ಗೊತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಕೊನೆ ಅದು. ಪಾಳಿ ಮುಗಿಸಿ ಬಂದಾಗ ಅವರ ಹುಬ್ಬಿನ ಮೇಲೂ ಹತ್ತಿಯ ಎಳೆ ಕೂತಿರುತ್ತಿತ್ತು. ಗಿರಣಿ ನಿಂತಿತು, ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಆಗ ನನಗೆ ಹನ್ನೊಂದು ವರ್ಷ. ನಿನಗೆ ಎಂದೂ ಹೇಳಿರದ ಮಾತು ಇದು. ಒಂದು ಸಂಜೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಚೌಕಿಪೇಟೆಗೆ ಹೋದರು. ಜೋಳ ಅಳೆಸಿ, ಚೀಲವನ್ನು ಕ್ಯಾರಿಯರ್‌ಗೆ ಕಟ್ಟಿಯಾಗಿತ್ತು. ಅಷ್ಟರಲ್ಲಿ ಅಂಗಡಿಯ ಯಜಮಾನ ಬಂದು, ಹಳೆಯ ಬಾಕಿಯನ್ನು ಗಟ್ಟಿಯಾಗಿ ಓದಿ, ಎಲ್ಲರೆದುರು ಚೀಲ ಬಿಚ್ಚಿಸಿ ಜೋಳವನ್ನು ರಾಶಿಗೆ ಸುರಿಸಿಕೊಂಡ. ಅಪ್ಪ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿದರು. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ನಡೆದರು. ನಾನು ಅವರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ. ಅವರ ಮಗಳೆಂದು ಯಾರಿಗೂ ತಿಳಿಯದಿರಲಿ ಎಂದು ಮನೆಯ ತನಕ ಹಾಗೆಯೇ ನಡೆದೆ.

ಚಿತ್ರದ ಕೊನೆಯಲ್ಲಿ, ಕಳುವಾದ ಸೈಕಲ್ಲನ್ನು ಹುಡುಕಿ ಸೋತ ಆಂಟೋನಿಯೊ ತಾನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಜನ ಸೇರಿ ಹೊಡೆಯುತ್ತಾರೆ. ಮಗ ಬ್ರೂನೊ ಅಳುತ್ತಾ ಅಪ್ಪನ ಕೋಟು ಹಿಡಿದು ಜಗ್ಗುತ್ತಾನೆ, ಕೆಳಗೆ ಬಿದ್ದ ಟೊಪ್ಪಿಗೆಯನ್ನು ಎತ್ತಿಕೊಂಡು ಧೂಳು ಕೊಡವುತ್ತಾನೆ. ಆ ಹುಡುಗನ ಮುಖ ನೋಡಿಯೇ ಸೈಕಲ್ಲಿನವನು ದೂರು ಬೇಡವೆಂದು ಬಿಟ್ಟುಬಿಡುತ್ತಾನೆ. ಆಮೇಲೆ ಇಬ್ಬರೂ ಜನರ ನಡುವೆ ನಡೆಯುತ್ತಾರೆ, ಅಪ್ಪನ ಕಣ್ಣು ತುಂಬುತ್ತದೆ. ಬ್ರೂನೊ ಅವನ ಕೈ ಹಿಡಿಯುತ್ತಾನೆ. ಅಷ್ಟೇ. ನಾನು ಮಾಡದೆ ಬಿಟ್ಟ ಕೆಲಸವನ್ನು ಆ ಪುಟ್ಟ ಹುಡುಗ ಮಾಡಿದ. ಅಪ್ಪ ಹೋಗಿ ಇಷ್ಟು ವರ್ಷಗಳಾದವು, ಹಿಡಿಯೋಣವೆಂದರೆ ಈಗ ಆ ಕೈ ಇಲ್ಲ.

ಆಂಟೋನಿಯೊ ಆದವನು, ಲ್ಯಾಂಬರ್ಟೊ ಮಜೊರಾನಿ, ನಟನಲ್ಲ, ಕಾರ್ಖಾನೆಯ ಕೆಲಸಗಾರ. ಚಿತ್ರ ಮುಗಿಸಿ ಮರಳಿದವನಿಗೆ ಕಾರ್ಖಾನೆಯಲ್ಲಿ ಕೆಲಸ ಉಳಿಯಲಿಲ್ಲವಂತೆ. ಅವನು ನಡೆಯುವ ರೀತಿ ನೋಡು, ಭುಜಗಳನ್ನು ನೋಡು. ಗಿರಣಿ ನಿಂತ ಮೇಲೆ ನಮ್ಮ ಓಣಿಯ ಗಂಡಸರೆಲ್ಲ ಹಾಗೆಯೇ ನಡೆಯುತ್ತಿದ್ದರು.

ಅಜ್ಜನ ಆ ಸೈಕಲ್ಲನ್ನು ಮರುವರ್ಷ ಮಾರಿದರು. ನನ್ನ ಹೈಸ್ಕೂಲಿನ ಪುಸ್ತಕ ಬಂದದ್ದು ಆ ಹಣದಿಂದಲೇ.

ಕಳೆದ ಬಾರಿ ಬೆಂಗಳೂರಿಗೆ ಬಂದಾಗಿನದು ನಿನಗೆ ನೆನಪಿದೆಯೋ ಇಲ್ಲವೋ. ಮೆಟ್ರೊದಿಂದ ಹೊರಗೆ ಬರುವಾಗ ಟೋಕನ್ ಎಲ್ಲಿ ಹಾಕಬೇಕೆಂದು ತಿಳಿಯದೆ ನಾನು ಗೇಟಿನಲ್ಲೇ ನಿಂತೆ. ಹಿಂದೆ ಸಾಲು ಬೆಳೆಯಿತು, ಯಾರೋ ಗದರಿದರು. ನೀನು ಆಗಲೇ ಆಚೆ ದಾಟಿದ್ದೆ, ನಿನ್ನ ಕಚೇರಿಯ ಗೆಳತಿಯರೂ ಜೊತೆಗಿದ್ದರು. ನೀನು ಅವರನ್ನು ಬಿಟ್ಟು ಗೇಟಿನ ಹತ್ತಿರ ಬಂದು, ಆಚೆಯಿಂದಲೇ ಕೈ ಚಾಚಿ ನನ್ನ ಕೈ ಹಿಡಿದು, ಟೋಕನ್ ಹಾಕಿಸಿದೆ. 'ನಮ್ಮ ಅವ್ವ' ಎಂದು ಅವರಿಗೆ ಹೇಳಿದೆ. ಅಂದು ನಾನು ಅದನ್ನು ದೊಡ್ಡದೆಂದು ತಿಳಿಯಲಿಲ್ಲ. ಸಿನಿಮಾ ಮುಗಿದ ಮೇಲೆ ಅದೇ ಕಣ್ಣೆದುರು ಬಂತು, ಅದೇ ಹೊತ್ತಿಗೆ ನಿನ್ನ ಫೋನೂ ಬಂತು.

ಸತ್ಯಜಿತ್ ರಾಯ್ ಅವರು ಇದೇ ಚಿತ್ರವನ್ನು 1950ರಲ್ಲಿ ಲಂಡನ್ನಿನಲ್ಲಿ ನೋಡಿದರಂತೆ. ಐದು ವರ್ಷದ ಮೇಲೆ ಅವರ ಮೊದಲ ಚಿತ್ರ 'ಪಥೇರ್ ಪಾಂಚಾಲಿ' ತೆರೆಗೆ ಬಂತು. ಅದೂ ನಿನ್ನ ಪಟ್ಟಿಯಲ್ಲಿದೆ, ನಾನು ಮುಟ್ಟಿಲ್ಲ. ಯುಗಾದಿಗೆ ಬಂದಾಗ ಇಬ್ಬರೂ ಕುಳಿತು ನೋಡೋಣ, ನಿನ್ನ ಅಪ್ಪನನ್ನೂ ಕೂರಿಸೋಣ. ಭಟ್ಟಿಯಿಂದ ಬಿಸಿ ಮಂಡಕ್ಕಿ ತರಿಸಿ, ಮೆಣಸಿನಕಾಯಿ ಬಜ್ಜಿ ನಾನೇ ಕರಿಯುತ್ತೇನೆ. ರಜೆ ಎಷ್ಟು ದಿನವೆಂದು ಮೊದಲೇ ತಿಳಿಸು.

ನಿನ್ನ
ಅವ್ವ