ಯಂತ್ರಕ್ಕೆ ಮಾದರಿ ಹಾಕುವ ಮುನ್ನ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಸಂಶೋಧನೆಗೆ ಪ್ರೋಟಿಯೋಮಿಕ್ಸನ್ನೇ, ಅಂದರೆ ಪ್ರೋಟೀನುಗಳನ್ನೆಲ್ಲ ಒಟ್ಟಾಗಿ ಅಭ್ಯಾಸ ಮಾಡುವ ಶಾಸ್ತ್ರವನ್ನೇ, ಆರಿಸಿಕೊಂಡಿದ್ದೀಯೆಂದು ತಿಳಿದು ಸಂತೋಷವಾಯಿತು. ನಿನ್ನ ಪತ್ರದ ಮುಕ್ಕಾಲು ಪಾಲು ಪ್ರಯೋಗಾಲಯಕ್ಕೆ ಬಂದಿರುವ ಹೊಸ ಮಾಸ್ ಸ್ಪೆಕ್ಟ್ರೋಮೀಟರಿನ, ಅಣುಗಳನ್ನು ತೂಗುವ ಆ ಯಂತ್ರದ, ವರ್ಣನೆಯೇ ಆಗಿತ್ತು. ನಿನ್ನ ವಯಸ್ಸಿನಲ್ಲಿ ನಾನೂ ಹಾಗೆಯೇ ಇದ್ದೆ. ಆದ್ದರಿಂದಲೇ ಯಂತ್ರದ ಮಾತನ್ನು ಬದಿಗಿಟ್ಟು, ಮಾದರಿ ಅದರೊಳಗೆ ಹೋಗುವುದಕ್ಕೆ ಮೊದಲು ಆಗಬೇಕಾದ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ನಿನ್ನ ಮೊದಲ ಫಲಿತಾಂಶದ ಪಟ್ಟಿಯಲ್ಲಿ ಕೆರಾಟಿನ್ ಎದ್ದು ಕಾಣಿಸಿದರೆ ಆಶ್ಚರ್ಯಪಡಬೇಡ. ಅದು ನೀನು ಅಭ್ಯಾಸ ಮಾಡುತ್ತಿರುವ ಜೀವಕೋಶದ್ದಾಗಿರುವುದಕ್ಕಿಂತ ನಿನ್ನದೇ ಚರ್ಮದ, ಕೂದಲಿನ, ತೊಟ್ಟ ಉಣ್ಣೆಯ ಸ್ವೆಟರಿನ ಪ್ರೋಟೀನಾಗಿರುವ ಸಂಭವವೇ ಹೆಚ್ಚು. ಎರಡು ಮಾದರಿಗಳ ನಡುವೆ ಬ್ಲ್ಯಾಂಕ್, ಅಂದರೆ ಪ್ರೋಟೀನಿಲ್ಲದ ಬರಿಯ ದ್ರಾವಣವನ್ನು, ಓಡಿಸಿ ನೋಡು. ಏನೂ ಇಲ್ಲದ ಕಡೆ ಏನು ಕಾಣುತ್ತದೆ ಎಂಬುದನ್ನು ಅರಿಯದವರಿಗೆ ಇದ್ದ ಕಡೆ ಕಂಡದ್ದರ ಬೆಲೆ ತಿಳಿಯದು.

ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಒಮ್ಮೆ ರೋಗಿಗಳ ರಕ್ತದ ಮಾದರಿಗಳನ್ನೆಲ್ಲ ಮೊದಲ ವಾರದಲ್ಲಿ, ಆರೋಗ್ಯವಂತರದ್ದನ್ನೆಲ್ಲ ಎರಡನೆಯ ವಾರದಲ್ಲಿ ಓಡಿಸಿದೆ. ಅಷ್ಟರಲ್ಲಿ ಮಾದರಿಯನ್ನು ಬೇರ್ಪಡಿಸುವ ಕಾಲಂ ಎಂಬ ಕೊಳವೆ ಸವೆದಿತ್ತು, ಅದನ್ನು ಯಂತ್ರದೊಳಕ್ಕೆ ಸಿಂಪಡಿಸುವ ಎಲೆಕ್ಟ್ರೋಸ್ಪ್ರೇ ಸೂಜಿಯ ತುದಿಯಲ್ಲಿ ಕೊಳೆ ಕಟ್ಟಿತ್ತು. ಎರಡು ಗುಂಪುಗಳ ನಡುವೆ ಹನ್ನೊಂದು ಪ್ರೋಟೀನುಗಳಲ್ಲಿ ಕಂಡ ವ್ಯತ್ಯಾಸವನ್ನು ರೋಗದ ಗುರುತೆಂದು ನಂಬಿ ಎರಡು ವರ್ಷ ಬೆನ್ನು ಹತ್ತಿದೆ. ಕೊನೆಗೆ ಮಾದರಿಗಳ ಕ್ರಮವನ್ನು ಚೀಟಿ ಎತ್ತಿದಂತೆ ಕಲಸಿ ಮತ್ತೆ ಓಡಿಸಿದಾಗ ಹನ್ನೊಂದರಲ್ಲಿ ಒಂದೂ ಉಳಿಯಲಿಲ್ಲ. ನಾನು ಅಳೆದದ್ದು ರೋಗವನ್ನಲ್ಲ, ಎರಡು ವಾರಗಳ ಅಂತರವನ್ನು.

ಹೀಗೆ ಎಡವಿದವಳು ನಾನೊಬ್ಬಳೇ ಅಲ್ಲ. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು, ರಕ್ತದ ಸೀರಮ್ಮಿನ ಮಾಸ್ ಸ್ಪೆಕ್ಟ್ರಮ್ಮಿನ (ಯಂತ್ರ ಕೊಡುವ ತೂಕಗಳ ನಕ್ಷೆಯ) ವಿನ್ಯಾಸದಿಂದಲೇ ಅಂಡಾಶಯದ ಕ್ಯಾನ್ಸರನ್ನು ಗುರುತಿಸಬಹುದೆಂದು ಹೇಳಿ, ಪರೀಕ್ಷಿಸಿದ 50 ಕ್ಯಾನ್ಸರ್ ಮಾದರಿಗಳಲ್ಲಿ 50ನ್ನೂ ಸರಿಯಾಗಿ ಗುರುತಿಸಿದ್ದಾಗಿ ತಿಳಿಸಿತ್ತು. ಸಂಖ್ಯಾಶಾಸ್ತ್ರಜ್ಞರು ಆ ತಂಡದ ದತ್ತಾಂಶವನ್ನು ಮರಳಿ ಪರಿಶೀಲಿಸಿದಾಗ, ವ್ಯತ್ಯಾಸಗಳಿಗೆ ಮಾದರಿಗಳನ್ನು ಸಂಸ್ಕರಿಸಿದ ರೀತಿಯೇ ಕಾರಣವಿರಬಹುದೆಂಬ ಸಂಶಯ ಬಲವಾಯಿತು. ಆ ತಂಡ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಈ ಪರಿಶೀಲನೆ ಸಾಧ್ಯವಾಯಿತೆಂಬುದನ್ನೂ ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತೆ. ನೀನೂ ಪ್ರತಿ ಲೇಖನದ ಮೂಲ ಕಡತಗಳನ್ನು ಪ್ರೈಡ್ ಎಂಬ ಸಾರ್ವಜನಿಕ ದತ್ತಾಂಶ ಭಂಡಾರಕ್ಕೆ ಸೇರಿಸು. ಮುಜುಗರವಾಗುವಂಥವು ಇದ್ದರೂ ಸೇರಿಸು.

ತಂತ್ರಾಂಶ ಕೊಡುವ ಪಟ್ಟಿಯನ್ನು ವೇದವಾಕ್ಯವೆಂದು ತಿಳಿಯಬೇಡ. ಶೇ. 1ರಷ್ಟು ಸುಳ್ಳು ಗುರುತಿಗೆ ಅವಕಾಶವಿಟ್ಟು 20,000 ಪೆಪ್ಟೈಡುಗಳನ್ನು (ಪ್ರೋಟೀನಿನ ತುಂಡುಗಳನ್ನು) ಒಪ್ಪಿಕೊಂಡರೆ, ಅವುಗಳಲ್ಲಿ ಸುಮಾರು 200 ತಪ್ಪೆಂದು ನೀನೇ ಮುಂಚಿತವಾಗಿ ಒಪ್ಪಿಕೊಂಡಂತಾಯಿತು. ಆ 200 ಎಲ್ಲಿ ಅಡಗಿರುತ್ತವೆ? ಹೆಚ್ಚಾಗಿ ಒಂದೇ ಒಂದು ಪೆಪ್ಟೈಡಿನ ಆಧಾರದ ಮೇಲೆ ನಿಂತ, ನಿನಗೆ ತೀರ ರೋಚಕವೆನಿಸುವ ಪ್ರೋಟೀನುಗಳಲ್ಲಿ. 2014ರಲ್ಲಿ ಮಾನವ ಪ್ರೋಟಿಯೋಮಿನ, ಅಂದರೆ ಮನುಷ್ಯನ ದೇಹದ ಒಟ್ಟು ಪ್ರೋಟೀನುಗಳ, ಎರಡು ಕರಡು ನಕ್ಷೆಗಳು ಒಟ್ಟಿಗೆ ಪ್ರಕಟವಾದಾಗ, ಮೂಗಿನ ಅಂಗಾಂಶವನ್ನೇ ಪರೀಕ್ಷಿಸದೆ ನೂರಕ್ಕೂ ಹೆಚ್ಚು ವಾಸನಾಗ್ರಾಹಕ ಪ್ರೋಟೀನುಗಳು ಹೇಗೆ ಸಿಕ್ಕವು ಎಂದು ಕೇಳಿದವರಿದ್ದರು; ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ನಿನ್ನ ಮುಖ್ಯ ವಾದಕ್ಕೆ ಆಧಾರವಾದ ಸ್ಪೆಕ್ಟ್ರಮ್ಮುಗಳನ್ನು ನಿನ್ನ ಕಣ್ಣಿನಿಂದಲೇ ಓದು. ಪ್ರೋಟೀನಿಗೆ ಅಸಿಟೈಲ್ ಎಂಬ ರಾಸಾಯನಿಕ ಗುಂಪು ಸೇರಿದರೆ ತೂಕ 42.011 ಡಾಲ್ಟನ್ (ಅಣುಗಳ ತೂಕದ ಮಾನ) ಹೆಚ್ಚುತ್ತದೆ, ಮೂರು ಮಿಥೈಲ್ ಸೇರಿದರೆ 42.047. ಈ 0.036ರ ಅಂತರದ ಮೇಲೆ ಒಂದು ಇಡೀ ಪ್ರಬಂಧ ನಿಂತಿರಬಹುದು. ಪ್ರೋಟೀನಿನ ಘಟಕಗಳಾದ ಲ್ಯೂಸಿನ್ ಮತ್ತು ಐಸೊಲ್ಯೂಸಿನ್‌ಗಳಲ್ಲಂತೂ ಅಷ್ಟು ಅಂತರವೂ ಇಲ್ಲ. ಎಷ್ಟು ಸೂಕ್ಷ್ಮವಾದ ತಕ್ಕಡಿಗೂ ಅವೆರಡರ ತೂಕ ಒಂದೇ.

ಕೊಯಿಚಿ ತನಾಕಾ ಅವರ ಕತೆಯನ್ನು ನಿನಗೂ ಯಾರಾದರೂ ಹೇಳಿರುತ್ತಾರೆ. 1985ರಲ್ಲಿ ಜಪಾನಿನ ಶಿಮಾಡ್ಜು ಕಂಪನಿಯಲ್ಲಿ ಎಂಜಿನಿಯರಾಗಿದ್ದ ಅವರು ಕೋಬಾಲ್ಟಿನ ಅತಿಸೂಕ್ಷ್ಮ ಪುಡಿಗೆ ಕೈತಪ್ಪಿ ಗ್ಲಿಸರಿನ್ ಬೆರೆಸಿ, ಚೆಲ್ಲಲು ಮನಸ್ಸಾಗದೆ ಅದನ್ನೇ ಲೇಸರಿಗೆ ಒಡ್ಡಿದರು. ಪ್ರೋಟೀನುಗಳನ್ನು ಒಡೆಯದೆ ತೂಗಲು ತೆರೆದ ಆ ದಾರಿ 2002ರ ನೊಬೆಲ್ ಪ್ರಶಸ್ತಿಯವರೆಗೆ ಹೋಯಿತು. ಜನ ಇದನ್ನು ಅದೃಷ್ಟವೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏನು ಬೆರೆಸಿದೆನೆಂಬುದು ಅವರಿಗೆ ಖಚಿತವಾಗಿ ಗೊತ್ತಿದ್ದುದರಿಂದಲೇ ಆ ತಪ್ಪೇ ಒಂದು ಪ್ರಯೋಗವಾಯಿತು. ಗೊತ್ತಿಲ್ಲದಿದ್ದರೆ ಅದು ಇನ್ನೊಂದು ಹಾಳಾದ ಮಾದರಿಯಷ್ಟೇ ಆಗಿರುತ್ತಿತ್ತು. ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್‌ನ ಬಾಟಲಿ ಬದಲಾದರೂ ನೋಟ್‌ಬುಕ್ಕಿನಲ್ಲಿ ಬರೆದಿಡು.

ಪ್ರಬಂಧಗಳ ಸಂಖ್ಯೆಯಲ್ಲಿ ಗೆಳತಿಯರು ಮುಂದೆ ಹೋದಂತೆ ಕಾಣುವ ವರ್ಷಗಳು ಬರುತ್ತವೆ. ಆಗ ಬೇಜಾರಾಗುತ್ತದೆ, ಆಗಲಿ.

ನಿನ್ನ ಮೊದಲ ಪ್ರಯೋಗದ ಮಾದರಿಗಳ ಕ್ರಮಪಟ್ಟಿಯನ್ನು ಯಂತ್ರಕ್ಕೆ ಕೊಡುವ ಮೊದಲು ನನಗೊಮ್ಮೆ ಕಳುಹಿಸು. ಬ್ಲ್ಯಾಂಕ್‌ಗಳನ್ನು ಎಲ್ಲೆಲ್ಲಿ ಇಟ್ಟಿದ್ದೀಯೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿರು.

ಇಂತಿ ನಿನ್ನ,
ದೊಡ್ಡಮ್ಮ